ಮಾಲೀಕ ಯಾರೆಂದು ಬರೆದಿಟ್ಟ ಗುಲಾಮ

1831ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ ಅರವತ್ತು ದಾಟಿದ ಗುಲಾಮನೊಬ್ಬ ತನ್ನ ಜೀವನಕಥೆ ಬರೆದ. ಬರೆದದ್ದು ಅರಬ್ಬಿ ಭಾಷೆಯಲ್ಲಿ, ಅರಬ್ಬಿ ಲಿಪಿಯಲ್ಲಿ. ಹೆಚ್ಚೆಂದರೆ ಹದಿನೈದು ಪುಟ. ಅವನ ಹೆಸರು ಉಮರ್ ಇಬ್ನ್ ಸಯೀದ್. ಅಮೆರಿಕದಲ್ಲಿ ಗುಲಾಮಗಿರಿಯಲ್ಲಿ ಇರುವಾಗಲೇ ಒಬ್ಬ ಗುಲಾಮ ಅರಬ್ಬಿಯಲ್ಲಿ ಬರೆದ ಆತ್ಮಕಥೆ ಎಂದು ಇಂದು ನಮಗೆ ಉಳಿದಿರುವುದು ಇದೊಂದೇ.

ಆತ್ಮಕಥೆ ಎಂದರೆ ಹುಟ್ಟಿದ ಊರು, ತಂದೆ ತಾಯಿ, ಬಾಲ್ಯ ಎಂದು ಶುರುವಾಗುವುದು ವಾಡಿಕೆ. ಉಮರ್ ಹಾಗೆ ಶುರುಮಾಡುವುದಿಲ್ಲ. ಮೊದಲು ಕುರ್‌ಆನಿನ 67ನೇ ಅಧ್ಯಾಯವನ್ನು ನೆನಪಿನಿಂದ ಬರೆಯುತ್ತಾನೆ. ಮೂವತ್ತು ವಚನಗಳ ಆ ಅಧ್ಯಾಯ ಮುಗಿದ ಮೇಲೆ, ತನ್ನ ಬದುಕನ್ನು ಬರೆಯಲು ಕೇಳಿದ 'ಶೇಖ್ ಹಂಟರ್' ಎಂಬುವನನ್ನು ಉದ್ದೇಶಿಸಿ, ತನಗೆ ಬರೆಯಲಾಗದು, ತನ್ನ ಮಾತೂ ಅರಬ್ಬಿಯೂ ಬಹುಮಟ್ಟಿಗೆ ಮರೆತುಹೋಗಿವೆ ಎನ್ನುತ್ತಾನೆ. ಆಮೇಲೆ ಬದುಕಿನ ವಿವರ ಬರುತ್ತದೆ. ಮಾತು ಮರೆತಿದೆ ಎಂದವನು ಮೂವತ್ತು ವಚನಗಳನ್ನು ಮರೆತಿರಲಿಲ್ಲ.

ಆ ಅಧ್ಯಾಯದ ಹೆಸರು 'ಅಲ್ ಮುಲ್ಕ್'. ಕನ್ನಡಿಗರಿಗೆ ಈ ಪದ ತೀರಾ ಹೊಸದಲ್ಲ. ಅರಬ್ಬಿಯಲ್ಲಿ ಪದಗಳು ಹೆಚ್ಚಾಗಿ ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಮ, ಲ, ಕ ಎಂಬ ಮೂರು ವ್ಯಂಜನಗಳ ಧಾತುವಿಗೆ ಹೊಂದಿರುವುದು, ಒಡೆತನ, ಆಳುವುದು ಎಂಬ ಅರ್ಥಗಳಿವೆ. ಒಡೆಯ 'ಮಾಲಿಕ್', ರಾಜ 'ಮಲಿಕ್', ಒಡೆತನ ಅಥವಾ ರಾಜ್ಯ 'ಮುಲ್ಕ್', ಮತ್ತೊಬ್ಬನ ಒಡೆತನಕ್ಕೆ ಸೇರಿದವನು 'ಮಮ್ಲೂಕ್'. ಇದೇ ಧಾತು ಪಾರಸಿ, ಉರ್ದುಗಳ ದಾರಿ ಹಿಡಿದು ಕನ್ನಡಕ್ಕೂ ಬಂದಿದೆ. ಮನೆ ಮಾಲೀಕ, ಜಮೀನಿನ ಮಾಲ್ಕಿ ಎನ್ನುವಾಗ ಬಳಸುವುದು ಅದನ್ನೇ. ಧಾರವಾಡದ ಕಡೆಯ ಹಿರಿಯರು ಪಾಸು ಮಾಡಿದ ಮುಲ್ಕಿ ಪರೀಕ್ಷೆಯಲ್ಲಿ, ಹೈದರಾಬಾದಿನವರು ಕೇಳಿ ಬಲ್ಲ ಮುಲ್ಕಿ ಚಳವಳಿಯಲ್ಲಿ ಅದೇ ಇದೆ. ಶಾಲೆಯ ಇತಿಹಾಸ ಪುಸ್ತಕದಲ್ಲಿ 'ಗುಲಾಮಿ ಸಂತತಿ' ಎಂದು ಓದಿದ ದಿಲ್ಲಿಯ ಸುಲ್ತಾನರಿಗೆ ಮಮ್ಲೂಕರು ಎಂಬ ಹೆಸರು ಬಂದದ್ದೂ ಅಲ್ಲಿಂದಲೇ.

ಎಲ್ಲ ಒಡೆತನವೂ ದೇವರ ಕೈಯಲ್ಲಿದೆ ಎಂದು ಸಾರುತ್ತಾ ಆ ಅಧ್ಯಾಯ ಶುರುವಾಗುತ್ತದೆ. ಕಾನೂನಿನ ಪ್ರಕಾರ ಇನ್ನೊಬ್ಬನ ಆಸ್ತಿಯಾಗಿದ್ದ ಮನುಷ್ಯ ತನ್ನ ಬದುಕಿನ ಕಥೆಗೆ ಪೀಠಿಕೆಯಾಗಿ ಇಟ್ಟದ್ದು ಈ ಮಾತನ್ನು. ಉಮರನನ್ನು ಓದುವವರು ಇನ್ನೂರು ವರ್ಷಗಳಿಂದ ಹೆಚ್ಚಾಗಿ ಕೇಳಿರುವುದು ಅವನು ನಿಜವಾಗಿ ಕ್ರೈಸ್ತನಾದನೇ, ಒಳಗೊಳಗೇ ಮುಸ್ಲಿಮನಾಗಿಯೇ ಉಳಿದನೇ ಎಂದು. ಅವನ ಬರಹ ಎತ್ತುವ ಪ್ರಶ್ನೆ ಬೇರೆ. ಮಾಲೀಕ ಯಾರು ಎಂಬುದು ಅದರ ಪ್ರಶ್ನೆ.

ಉಮರ್ ಹುಟ್ಟಿದ್ದು ಸುಮಾರು 1770ರಲ್ಲಿ, ಪಶ್ಚಿಮ ಆಫ್ರಿಕಾದ ಸೆನೆಗಲ್ ನದಿಯ ದಡದ ಫುಟಾ ಟೋರೊ ನಾಡಿನಲ್ಲಿ. ಅವನ ಜನ ಫುಲಾನಿಗಳು. ಮನೆಮಾತು ಪುಲಾರ್, ಓದುಬರಹದ ಭಾಷೆ ಅರಬ್ಬಿ. ಸಂಸ್ಕೃತವನ್ನು ಮನೆಯಲ್ಲಿ ಆಡದೆಯೂ ಬಾಯಿಪಾಠ ಮಾಡಿ, ಅದರಲ್ಲೇ ಶಾಸ್ತ್ರ ಓದಿದವರ ಪರಂಪರೆ ಬಲ್ಲ ಕನ್ನಡಿಗರಿಗೆ ಇಂಥ ಏರ್ಪಾಡು ಅರ್ಥವಾಗುತ್ತದೆ. 25 ವರ್ಷ ಓದಿದೆ ಎಂದು ಅವನು ಬರೆಯುತ್ತಾನೆ, ತನ್ನ ಗುರುಗಳ ಹೆಸರುಗಳನ್ನೂ ಹೇಳುತ್ತಾನೆ. ಅವರಲ್ಲಿ ಒಬ್ಬ ಅವನ ಅಣ್ಣನೇ.

ಅವನ ಬಾಲ್ಯದಲ್ಲೇ, 1776ರಲ್ಲಿ, ಫುಟಾ ಟೋರೊದಲ್ಲಿ ಮುಸ್ಲಿಂ ವಿದ್ವಾಂಸರ ಆಳ್ವಿಕೆ ಸ್ಥಾಪನೆಯಾಯಿತು. ಅದರ ಮುಖ್ಯಸ್ಥ ಅಬ್ದುಲ್ ಕಾದರ್ ಕಾನ್. ನಾಡಿನ ಜನರನ್ನು ಹಿಡಿದು ಗುಲಾಮರ ಹಡಗುಗಳಿಗೆ ಮಾರುವುದರ ವಿರುದ್ಧ ನಿಂತವನು ಅವನು. 1785ರಲ್ಲಿ ಫ್ರೆಂಚರ ಜೊತೆ ಈ ಬಗ್ಗೆ ಒಪ್ಪಂದವನ್ನೂ ಮಾಡಿಕೊಂಡಿದ್ದ. ಹಾಗೆಂದು ಅಲ್ಲಿ ಗುಲಾಮಗಿರಿಯೇ ಇರಲಿಲ್ಲವೆಂದಲ್ಲ. ಮುಸ್ಲಿಮರನ್ನು ಮಾರಬಾರದು ಎಂಬುದು ನಿಯಮವಾಗಿತ್ತು. ಯುದ್ಧದಲ್ಲಿ ಸೆರೆಸಿಕ್ಕ ಇತರರು ಆಳುಗಳಾಗುತ್ತಿದ್ದರು. ತಾನು ವರ್ಷವರ್ಷವೂ ಧರ್ಮಯುದ್ಧಕ್ಕೆ ಹೋಗುತ್ತಿದ್ದೆನೆಂದು ಉಮರ್ ಯಾವ ಅಳುಕೂ ಇಲ್ಲದೆ ಬರೆಯುತ್ತಾನೆ. ಅವನನ್ನು ಇಂದಿನ ಮಾನವಹಕ್ಕುಗಳ ಭಾಷೆಯ ಹೋರಾಟಗಾರನನ್ನಾಗಿ ಮಾಡಲು ಹೊರಟರೆ ಈ ಸಾಲು ಅಡ್ಡ ಬರುತ್ತದೆ.

ಆ ಆಳ್ವಿಕೆ ಕುಸಿದದ್ದು 1807ರ ಹೊತ್ತಿಗೆ. ಅಕ್ಕಪಕ್ಕದ ಅರಸರ ಸೈನ್ಯಗಳು, ಒಳಗಿನ ವಿರೋಧಿಗಳು ಒಂದಾಗಿ ಅಬ್ದುಲ್ ಕಾದರನನ್ನು ಕೊಂದರು. ಅದೇ 1807ರಲ್ಲಿ ಉಮರನ ಊರಿಗೂ ದೊಡ್ಡ ಸೈನ್ಯವೊಂದು ಬಂತು. ಅನೇಕರನ್ನು ಕೊಂದು, ತನ್ನನ್ನು ಹಿಡಿದು, ದೊಡ್ಡ ಸಮುದ್ರದವರೆಗೆ ನಡೆಸಿ, ಕ್ರೈಸ್ತರಿಗೆ ಮಾರಿದರೆಂದು ಅವನು ಕೆಲವೇ ಸಾಲುಗಳಲ್ಲಿ ಹೇಳಿ ಮುಗಿಸುತ್ತಾನೆ. ಆಗ ಅವನಿಗೆ 37 ವರ್ಷ.

ಹಡಗು ಒಂದೂವರೆ ತಿಂಗಳು ಸಾಗಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್ಟನ್ ಬಂದರು ಸೇರಿತು. 1808ರ ಜನವರಿ 1ರಿಂದ ಅಮೆರಿಕಕ್ಕೆ ಹೊರಗಿನಿಂದ ಗುಲಾಮರನ್ನು ತರುವುದು ಕಾನೂನುಬಾಹಿರವಾಗಲಿತ್ತು. ಬಾಗಿಲು ಮುಚ್ಚುವ ಮೊದಲು ಆದಷ್ಟು ಸರಕು ತುಂಬಿಕೊಳ್ಳುವ ಆತುರ ವ್ಯಾಪಾರಿಗಳದು. ಅದಕ್ಕೂ ಹಿಂದಿನ ನಾಲ್ಕು ವರ್ಷಗಳಲ್ಲಿ ಚಾರ್ಲ್ಸ್ಟನ್ ಒಂದರಲ್ಲೇ ಸುಮಾರು 40 ಸಾವಿರ ಆಫ್ರಿಕನ್ನರು ಇಳಿದರು. ಕೊನೆಯ ವರ್ಷ ಬಂದವರಲ್ಲಿ ಉಮರನೂ ಒಬ್ಬ. ಕೆಲವು ತಿಂಗಳು ತಡವಾಗಿದ್ದರೆ ಅವನ ಕಥೆ ಬೇರೆಯೇ ಆಗುತ್ತಿತ್ತೇನೋ.

ಅಲ್ಲಿ ಅವನು ಜಾನ್ಸನ್ ಎಂಬುವನ ಕೈಗೆ ಬಿದ್ದ. ಆ ಒಡೆಯನ ಬಗ್ಗೆ ಉಮರ್ ಹೇಳುವುದು ಸ್ವಲ್ಪವೇ, ಆದರೆ ಹೇಳುವ ಬಗೆ ಗಮನಿಸಬೇಕು. ಕುಳ್ಳ, ದುರ್ಬಲ, ಕೆಟ್ಟವನು, ದೇವರ ಭಯವೇ ಇಲ್ಲದವನು. ಏಟು ತಿಂದದ್ದನ್ನೋ ಹಸಿದದ್ದನ್ನೋ ಅವನು ವಿವರಿಸುವುದಿಲ್ಲ. ಬೇರೆ ಗುಲಾಮರ ಆತ್ಮಕಥೆಗಳಲ್ಲಿ ಚಾಟಿ, ಸರಪಳಿ, ಹರಾಜುಕಟ್ಟೆಗಳ ಚಿತ್ರ ವಿವರವಾಗಿ ಬರುತ್ತದೆ. ಉಮರ್ ಮನುಷ್ಯರನ್ನು ತೂಗುವ ತಕ್ಕಡಿ ಒಂದೇ: ದೇವರಿಗೆ ಹೆದರುವವನು, ಹೆದರದವನು. ಒಡೆಯನಿಗೂ ಮೇಲೊಬ್ಬ ಒಡೆಯನಿದ್ದಾನೆ, ಅದು ತಿಳಿಯದವನು ಕೆಟ್ಟವನು ಎಂಬ ಲೆಕ್ಕ ಅದು.

ತಾನು ಸಣ್ಣ ಮೈಕಟ್ಟಿನವನು, ಹೊಲದ ಭಾರಿ ಕೆಲಸ ಆಗದು ಎಂದು ಅವನು ಓಡಿಹೋದ. ಸುಮಾರು ಒಂದು ತಿಂಗಳು ನಡೆದು ಉತ್ತರ ಕೆರೊಲಿನಾದ ಫಯೆಟ್‌ವಿಲ್ ಹತ್ತಿರ ಬಂದಾಗ ಪ್ರಾರ್ಥನೆ ಮಾಡಲು ಒಂದು ಕಟ್ಟಡದ ಒಳಗೆ ಹೋದ. ಅದು ಚರ್ಚು ಎಂದೇ ಹೆಚ್ಚಿನ ಓದುಗರು ಅರ್ಥಮಾಡಿಕೊಂಡಿದ್ದಾರೆ. ಅಲ್ಲಿ ಒಬ್ಬ ಹುಡುಗ ನೋಡಿ ತಂದೆಗೆ ಹೇಳಿದ. ಕುದುರೆ, ನಾಯಿಗಳೊಂದಿಗೆ ಜನ ಬಂದು ಹಿಡಿದರು. ಹದಿನಾರು ಹಗಲು, ಹದಿನಾರು ರಾತ್ರಿ ಸೆರೆಮನೆಯಲ್ಲಿ ಕಳೆದೆನೆಂದು ಅವನು ಬರೆಯುತ್ತಾನೆ. ಆ ಸೆರೆಮನೆಯ ಗೋಡೆಗಳ ಮೇಲೆ ಅವನು ಇದ್ದಿಲಿನಿಂದ ಅರಬ್ಬಿ ಅಕ್ಷರಗಳನ್ನು ಬರೆದ, ಅದನ್ನು ನೋಡಲು ಊರಿನ ಜನ ಬರುತ್ತಿದ್ದರು ಎಂದು ಆಮೇಲಿನ ದಶಕಗಳಲ್ಲಿ ಇತರರು ಬರೆದರು.

ಅವನ ನಂಬಿಕೆ ಅವನನ್ನು ಉಳಿಸಿತು ಎನ್ನುವಾಗ ಮೊದಲು ಹೇಳಬೇಕಾದದ್ದು ಈ ಸ್ಥೂಲವಾದ ಸಂಗತಿಯನ್ನೇ. ಪ್ರಾರ್ಥನೆಗೆ ಹೋದದ್ದರಿಂದ ಸಿಕ್ಕಿಬಿದ್ದ. ಧರ್ಮದ ಓದಿನಿಂದ ಬಂದ ಅಕ್ಷರದಿಂದ ಜನರ ಕಣ್ಣಿಗೆ ಬಿದ್ದ. ಹಾಗೆ ಕಣ್ಣಿಗೆ ಬಿದ್ದದ್ದರಿಂದಲೇ ಜೇಮ್ಸ್ ಓವನ್ ಎಂಬ ಶ್ರೀಮಂತ ಅವನನ್ನು ಕೊಂಡ. ಚಾರ್ಲ್ಸ್ಟನ್ನಿಗೆ ಮರಳುತ್ತೀಯಾ ಎಂದು ಒಬ್ಬ ಕೇಳಿದಾಗ ತಾನು ಇಲ್ಲ, ಇಲ್ಲ ಎಂದು ಮತ್ತೆ ಮತ್ತೆ ಹೇಳಿದ್ದನ್ನು ಉಮರ್ ಹಾಗೆಯೇ ದಾಖಲಿಸುತ್ತಾನೆ. ಜಿಮ್ ಓವನ್ನನ ಕೈಯಲ್ಲೇ ಇರುತ್ತೇನೆ ಎಂದನಂತೆ. ತನ್ನ ಬದುಕಿನ ಬಗ್ಗೆ ಯಾರೋ ಅವನ ಇಷ್ಟವನ್ನು ಕೇಳಿದ ಪ್ರಸಂಗ ಆ ಬರಹದಲ್ಲಿ ಇದೊಂದೇ. ಅವನ ಮುಂದಿದ್ದ ಆಯ್ಕೆ ಕೂಡ ಈ ಒಡೆಯನೋ ಆ ಒಡೆಯನೋ ಎಂಬುದಷ್ಟೆ.

ಓವನ್ ಮನೆಯಲ್ಲಿ ಅವನನ್ನು ಹೊಲದ ದುಡಿತಕ್ಕೆ ಹಚ್ಚಲಿಲ್ಲ. ತಾವು ತಿನ್ನುವುದನ್ನೇ ತಿನ್ನಿಸಿದರು, ತಾವು ಉಡುವಂಥದ್ದನ್ನೇ ಉಡಿಸಿದರು ಎಂದು ಅವನು ಹೊಗಳುತ್ತಾನೆ. ಆ ಮನೆಗೆ ದೊಡ್ಡ ಹೆಸರಿತ್ತು. ಜೇಮ್ಸ್‌ನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಜಾನ್ ಓವನ್ 1828ರಿಂದ 1830ರ ಕೊನೆಯವರೆಗೆ ರಾಜ್ಯದ ಗವರ್ನರ್ ಆಗಿದ್ದ. ಅರಬ್ಬಿ ಬರೆಯಬಲ್ಲ ಗುಲಾಮ ಪತ್ರಿಕೆಗಳಿಗೆ ವಿಸ್ಮಯದ ವಸ್ತುವಾದ. ಇವನು ಆಫ್ರಿಕದವನಾಗಿರಲಾರ, ಅರಬ್ಬರ ರಾಜಕುಮಾರ ಇರಬೇಕು ಎಂದು ಕೆಲವರು ಬರೆದರು. ಕಪ್ಪು ಮನುಷ್ಯನಿಗೆ ಇಷ್ಟು ವಿದ್ಯೆ ಇದೆಯೆಂದು ಒಪ್ಪುವುದಕ್ಕಿಂತ ಅವನ ಹುಟ್ಟನ್ನೇ ಬದಲಿಸುವುದು ಅವರಿಗೆ ಸುಲಭವಾಗಿತ್ತು.

ಉಮರ್ ಬರೆಯಲು ಕೂತ ಕಾಲ ಹೇಗಿತ್ತೆಂದು ತಿಳಿದರೆ ಆ ಬರಹದ ಬಿಗಿ ಅರ್ಥವಾಗುತ್ತದೆ. ಉತ್ತರ ಕೆರೊಲಿನಾದಲ್ಲೇ ಹುಟ್ಟಿದ ಡೇವಿಡ್ ವಾಕರ್ ಎಂಬ ಸ್ವತಂತ್ರ ಕಪ್ಪು ಲೇಖಕ 1829ರಲ್ಲಿ ಗುಲಾಮಗಿರಿಯ ವಿರುದ್ಧ ಉಗ್ರವಾದ ಕರಪತ್ರ ಪ್ರಕಟಿಸಿದ್ದ. 1830ರ ಅಧಿವೇಶನದಲ್ಲಿ ರಾಜ್ಯದ ಶಾಸನಸಭೆ ಗುಲಾಮರಿಗೆ ಓದುಬರಹ ಕಲಿಸುವುದನ್ನು ನಿಷೇಧಿಸಿತು. ಅಂಕಿಗಳನ್ನು ಕಲಿಸಲು ಮಾತ್ರ ವಿನಾಯಿತಿ ಇತ್ತು, ಲೆಕ್ಕ ಬಲ್ಲ ಆಳು ಬೇಕಲ್ಲ! 1831ರ ಆಗಸ್ಟಿನಲ್ಲಿ ಪಕ್ಕದ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮನ ನೇತೃತ್ವದಲ್ಲಿ ದಂಗೆಯಾಯಿತು. ಅವನು ಬೈಬಲ್ ಓದಬಲ್ಲವನಾಗಿದ್ದ, ಬೋಧಕನಾಗಿದ್ದ. ಗುಲಾಮನ ಅಕ್ಷರವೂ ಗುಲಾಮನ ದೇವರೂ ಒಡೆಯರಿಗೆ ಭಯ ಹುಟ್ಟಿಸಿದ ವರ್ಷ ಅದು. ಅದೇ ವರ್ಷ ಉಮರ್ ಬರೆದ, ಒಡೆಯರ ಸಮ್ಮತಿಯಿಂದಲೇ ಬರೆದ. ಅವನ ಲಿಪಿ ಅವರಿಗೆ ಅರ್ಥವಾಗದ ಅಲಂಕಾರವಾಗಿತ್ತು.

ಇನ್ನು ಮತಾಂತರದ ವಿಷಯ. 1820ರ ಹೊತ್ತಿಗೆ ಅವನಿಗೆ ದೀಕ್ಷಾಸ್ನಾನವಾಗಿ ಅವನು ಫಯೆಟ್‌ವಿಲ್ಲಿನ ಪ್ರೆಸ್ಬಿಟೇರಿಯನ್ ಚರ್ಚಿಗೆ ಸೇರಿದ. ಅವನಿಗಾಗಿ ಅರಬ್ಬಿ ಬೈಬಲ್ ತರಿಸಲು 1819ರಲ್ಲಿ ಫ್ರಾನ್ಸಿಸ್ ಸ್ಕಾಟ್ ಕೀ ಎಂಬ ವಕೀಲನಿಗೆ ಪತ್ರ ಹೋಗಿತ್ತು. ಅಮೆರಿಕದ ರಾಷ್ಟ್ರಗೀತೆ ಬರೆದವನು ಇವನೇ. ಆ ಬೈಬಲ್ ಇಂದಿಗೂ ಡೇವಿಡ್ಸನ್ ಕಾಲೇಜಿನಲ್ಲಿದೆ. ಈ ವಿದ್ವಾಂಸ ಆಫ್ರಿಕಕ್ಕೆ ಹೋದರೆ ಕ್ರೈಸ್ತಧರ್ಮ ಹಬ್ಬಿಸಬಹುದೆಂದು ಕನಸು ಕಂಡವರೂ ಇದ್ದರು.

ಅದೇ 1819ರಲ್ಲಿ ಉಮರ್ ಅರಬ್ಬಿಯಲ್ಲಿ ಬರೆದ ಪತ್ರವೊಂದು ಉಳಿದಿದೆ. ಅದರಲ್ಲಿ ಕುರ್‌ಆನಿನ ವಚನಗಳ ನಡುವೆ ಆಫ್ರಿಕದ ತನ್ನ ನಾಡಿನಲ್ಲಿ ಇರಬೇಕೆಂಬ ಆಸೆ ಇದೆ. ಮತಾಂತರದ ಎಷ್ಟೋ ವರ್ಷಗಳ ಮೇಲೆ ಅವನು ಬೈಬಲಿನ 23ನೇ ಕೀರ್ತನೆಯನ್ನು ಅರಬ್ಬಿಯಲ್ಲಿ ಬರೆದುಕೊಟ್ಟಾಗ ಮೇಲೆ ಬಿಸ್ಮಿಲ್ಲಾ ಬರೆದು, ಪ್ರವಾದಿ ಮುಹಮ್ಮದರನ್ನು ಸ್ಮರಿಸಿದ್ದ. ಅವನ ಕೊನೆಯದೆಂದು ತಿಳಿದಿರುವ ಬರಹ 1857ರದು. ಅದರ ಹಿಂಬದಿಯಲ್ಲಿ ಬೇರೆ ಯಾರೋ ಇಂಗ್ಲಿಷಿನಲ್ಲಿ ಇದು ಏಸು ಕಲಿಸಿದ ಪ್ರಾರ್ಥನೆ ಎಂದು ಗುರುತು ಹಾಕಿದ್ದಾರೆ. ಮುಂಬದಿಯಲ್ಲಿ ಇರುವುದು ಕುರ್‌ಆನಿನ 110ನೇ ಅಧ್ಯಾಯ, ಜನ ಗುಂಪುಗುಂಪಾಗಿ ದೇವರ ಧರ್ಮಕ್ಕೆ ಬರುವುದನ್ನು ಹೇಳುವ ಮೂರು ವಚನಗಳು.

ಇದನ್ನೆಲ್ಲ ನೋಡಿ, ಮತಾಂತರ ಬರೀ ನಾಟಕ, ಉಮರ್ ಒಡೆಯರನ್ನು ಏಮಾರಿಸಿದ ಎಂದು ಹೇಳಲು ಇಂದಿನವರಿಗೆ ಆಸೆಯಾಗುತ್ತದೆ. ಹಿಂದಿನವರಿಗೆ ಅವನು ನಿಷ್ಠಾವಂತ ಕ್ರೈಸ್ತನಾಗಿ ಕಂಡದ್ದು ಎಷ್ಟು ಅನುಕೂಲವೋ, ಇಂದಿನವರಿಗೆ ಅವನು ಗುಟ್ಟಿನ ಬಂಡಾಯಗಾರನಾಗಿ ಕಾಣುವುದೂ ಅಷ್ಟೇ ಅನುಕೂಲ. ಆದರೆ ದಶಕಗಳ ಕಾಲ ಚರ್ಚಿಗೆ ಹೋದ, ಬೈಬಲನ್ನು ಅರಬ್ಬಿಯಲ್ಲಿ ಓದಿದ, ಮೋಸೆಸ್ ಮತ್ತು ಏಸುವನ್ನು ಬಾಲ್ಯದಿಂದಲೇ ಪ್ರವಾದಿಗಳೆಂದು ಬಲ್ಲ ಮುದುಕನಿಗೆ ಆ ಪ್ರಾರ್ಥನೆಗಳಲ್ಲಿ ಏನೂ ಸಿಗಲಿಲ್ಲ ಎನ್ನಲು ಆಧಾರವಿಲ್ಲ. ಸಮ್ಮತಿ ಕೊಡದಿರುವ ಹಕ್ಕೇ ಇಲ್ಲದವನ ಸಮ್ಮತಿಯನ್ನು ಹೊರಗಿನಿಂದ ಅಳೆಯಲು ಆಗುವುದಿಲ್ಲ. ಅವನ ಹೊಗಳಿಕೆಯ ಮಾತುಗಳಿಗೂ ಇದೇ ಅನ್ವಯಿಸುತ್ತದೆ. ಓವನ್ ಒಳ್ಳೆಯವನೆಂದು ಅವನು ಮನಸಾರೆ ಬರೆದಿರಬಹುದು. ಒಡೆಯನ ಮನೆಯಲ್ಲಿ ಕೂತು ಬರೆಯುವವನು ಬೇರೆ ಏನನ್ನೂ ಬರೆಯುವಂತಿರಲಿಲ್ಲ ಎಂಬುದೂ ನಿಜ.

ಆತ್ಮಕಥೆಯಲ್ಲೇ ಒಂದು ಭಾಗವಿದೆ. ಮುಂಚೆ ಹೀಗೆ ಪ್ರಾರ್ಥಿಸುತ್ತಿದ್ದೆ ಎಂದು ಹೇಳಿ ಕುರ್‌ಆನಿನ ಮೊದಲ ಅಧ್ಯಾಯ 'ಫಾತಿಹಾ'ವನ್ನು ಬರೆಯುತ್ತಾನೆ. ಈಗ ಹೀಗೆ ಪ್ರಾರ್ಥಿಸುತ್ತೇನೆ ಎಂದು ಏಸು ಕಲಿಸಿದ ಪ್ರಾರ್ಥನೆಯನ್ನು ಬರೆಯುತ್ತಾನೆ. ಮತಾಂತರದ ಸಾಕ್ಷಿ ಹುಡುಕುವವರು ಇಲ್ಲಿ 'ಮುಂಚೆ', 'ಈಗ' ಎಂಬ ಪದಗಳನ್ನು ಹಿಡಿಯುತ್ತಾರೆ. ಮರೆಮಾಚಿದ್ದನ್ನು ಹುಡುಕುವವರು, ಬಿಟ್ಟೆನೆಂದು ಹೇಳಿಕೊಂಡ ಪ್ರಾರ್ಥನೆಯನ್ನು ಮತ್ತೊಮ್ಮೆ ಪೂರ್ತಿ ಬರೆಯುವ ನೆಪ ಸಿಕ್ಕಿತಲ್ಲ ಎನ್ನುತ್ತಾರೆ. ಪದಗಳನ್ನು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಫಾತಿಹಾದಲ್ಲಿ ದೇವರನ್ನು ತೀರ್ಪಿನ ದಿನದ 'ಮಾಲಿಕ್' ಎಂದು ಕರೆಯಲಾಗಿದೆ. ಏಸುವಿನ ಪ್ರಾರ್ಥನೆಯಲ್ಲಿ ದೇವರ ರಾಜ್ಯ ಬರಲಿ ಎಂಬ ಬೇಡಿಕೆಯಿದೆ, ಆ ರಾಜ್ಯಕ್ಕೆ ಅರಬ್ಬಿ ಬೈಬಲುಗಳ ಪದ 'ಮಲಕೂತ್'. ಮತ್ತೆ ಅದೇ ಮ, ಲ, ಕ. ಮೊದಲ ಪುಟದಲ್ಲಿ ಅಲ್ ಮುಲ್ಕ್ ಅಧ್ಯಾಯ ಹೇಳಿದ್ದನ್ನೇ ಎರಡು ಧರ್ಮಗಳ ಎರಡು ಪ್ರಾರ್ಥನೆಗಳೂ ತಮ್ಮ ತಮ್ಮ ಬಗೆಯಲ್ಲಿ ಹೇಳುತ್ತವೆ.

ಉಮರ್ ಇದನ್ನು ಲೆಕ್ಕ ಹಾಕಿಯೇ ಜೋಡಿಸಿದ ಎಂದು ಸಾಧಿಸಬೇಕಾಗಿಲ್ಲ. ಅರಬ್ಬಿ ವ್ಯಾಕರಣ ಕಲಿತವನ ಕಿವಿಗೆ ಆ ಧಾತು ಕೇಳಿಸದೆ ಇರುವುದಿಲ್ಲ. ಮಸೀದಿಯಾದರೂ ಚರ್ಚಾದರೂ ಅವನು ಕೈಬಿಡದ ಮಾತು ಒಂದಿತ್ತು: ಮನುಷ್ಯರ ಒಡೆತನ ಮನುಷ್ಯರದ್ದಲ್ಲ. ಅಲ್ ಮುಲ್ಕ್ ಅಧ್ಯಾಯದಲ್ಲೇ ನರಕದ ಕಾವಲುಗಾರರು ಒಳಗೆ ಬಂದವರನ್ನು, ನಿಮಗೆ ಎಚ್ಚರಿಸುವವನು ಯಾರೂ ಬಂದಿರಲಿಲ್ಲವೇ ಎಂದು ಕೇಳುವ ಭಾಗವಿದೆ. ಬಂದಿದ್ದ, ನಾವು ನಂಬಲಿಲ್ಲ ಎಂದು ಅವರು ಉತ್ತರಿಸುತ್ತಾರೆ. ಗುಲಾಮನ ಬಾಯಿಂದ ಇಂಗ್ಲಿಷಿನಲ್ಲಿ ಬಂದಿದ್ದರೆ ಚಾಟಿಗೆ ಗುರಿಯಾಗಬಹುದಾಗಿದ್ದ ಮಾತು, ಕುರ್‌ಆನಿನ ಮಾತಾಗಿ ಅರಬ್ಬಿಯಲ್ಲಿ ಕಾಗದದ ಮೇಲೆ ಕೂತಿತು. ತನ್ನ ಕಥೆ ಹೇಳುವಾಗಲೂ ಅವನು ಅದನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಓವನ್ ಕುಟುಂಬವನ್ನು ಹೊಗಳಿದ ಮೇಲೂ, ಕೆಟ್ಟ ಜನರು ತನ್ನನ್ನು ಬಲವಂತವಾಗಿ ಹಿಡಿದು ಮಾರಿದರು ಎಂಬುದನ್ನು ಮತ್ತೆ ಹೇಳುತ್ತಾನೆ. ಒಡೆಯ ಎಷ್ಟೇ ಒಳ್ಳೆಯವನಾದರೂ ತಾನು ಇಲ್ಲಿರುವುದು ಕೇಡಿನಿಂದ ಎಂಬ ಲೆಕ್ಕ ಅವನ ಮನಸ್ಸಿನಲ್ಲಿ ಚುಕ್ತಾ ಆಗಿರಲಿಲ್ಲ.

ನಂಬಿಕೆ ಅವನಿಗೆ ಕೊಡಲಾರದ್ದೂ ಇತ್ತು. ಬಿಡುಗಡೆ ಸಿಗಲಿಲ್ಲ. ಮನೆಗೆ ಮರಳಲಿಲ್ಲ. ತಂದೆಗೆ ಆರು ಗಂಡು, ಐದು ಹೆಣ್ಣು ಮಕ್ಕಳೆಂದು ಅವನು ಬರೆದ ಆ ಮನೆಯವರಿಗೆ ಏನಾಯಿತೆಂಬ ಮಾತು ಅವನ ಬರಹದಲ್ಲಿಲ್ಲ. ಅವನು ಸತ್ತದ್ದು 1863-64ರಲ್ಲಿ, ಅಂತರ್ಯುದ್ಧದ ನಡುವೆ, ತೊಂಬತ್ತು ದಾಟಿದ ಮೇಲೆ. ಗುಲಾಮಗಿರಿಯನ್ನು ದೇಶದಾದ್ಯಂತ ರದ್ದುಮಾಡಿದ ಸಂವಿಧಾನ ತಿದ್ದುಪಡಿ ಜಾರಿಗೆ ಬಂದದ್ದು 1865ರ ಡಿಸೆಂಬರಿನಲ್ಲಿ. ಅವನನ್ನು ಮಾರಿದವರೂ ಕೊಂಡವರೂ ತಮ್ಮ ತಮ್ಮ ದೇವರಿಗೆ ಪ್ರಾರ್ಥನೆ ಸಲ್ಲಿಸುತ್ತಿದ್ದವರೇ. ಒಡೆತನವೆಲ್ಲ ದೇವರದು ಎಂದು ಒಪ್ಪಿದ ಮಾತ್ರಕ್ಕೆ ಯಾರೂ ತಮ್ಮ ಪಾಲಿನ ಒಡೆತನವನ್ನು ಬಿಟ್ಟುಬಿಡಲಿಲ್ಲ.

ಹಸ್ತಪ್ರತಿಗೂ ಒಡೆಯರು ಬದಲಾಗುತ್ತಲೇ ಹೋದರು. 1848ರಲ್ಲಿ ಅದರ ಮೊದಲ ಇಂಗ್ಲಿಷ್ ಅನುವಾದವಾಯಿತು. 1925ರಲ್ಲಿ ಅಮೆರಿಕದ ಇತಿಹಾಸ ಪತ್ರಿಕೆಯೊಂದು ಪರಿಷ್ಕರಿಸಿದ ಅನುವಾದ ಪ್ರಕಟಿಸಿತು. ಆಮೇಲೆ ಮೂಲ ಪ್ರತಿ ಕಣ್ಮರೆಯಾಗಿ, 1995ರಲ್ಲಿ ವರ್ಜೀನಿಯಾದಲ್ಲಿ ಹಳೆಯ ಪೆಟ್ಟಿಗೆಯೊಂದರಲ್ಲಿ ಸಿಕ್ಕಿತು. ಹರಾಜಾಗಿ ಸಂಗ್ರಾಹಕರೊಬ್ಬರ ಕೈ ಸೇರಿ, 2017ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಬಂತು. ಈಗ ಅದರ ಪ್ರತಿ ಪುಟವನ್ನೂ ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ನೋಡಬಹುದು. 2011ರಲ್ಲಿ ಅಲಾ ಅಲ್ರಿಯೆಸ್ ಅವರ ಹೊಸ ಅನುವಾದ ಬಂದಿದೆ. ಅವನ ಬದುಕನ್ನು ಆಧರಿಸಿದ 'ಉಮರ್' ಎಂಬ ಆಪೆರಾ 2022ರಲ್ಲಿ ಮೊದಲ ಪ್ರದರ್ಶನ ಕಂಡದ್ದು, ಅವನನ್ನು ಇಳಿಸಿದ ಚಾರ್ಲ್ಸ್ಟನ್ನಿನಲ್ಲೇ. ಮರುವರ್ಷ ಅದಕ್ಕೆ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಬಂತು.

ಈ ಎಲ್ಲ ಓದುಗರಿಗಿಂತ ಮುಂಚೆ ಒಬ್ಬ ಓದುಗನಿದ್ದ. 1836ರಲ್ಲಿ ಉಮರನ ಹಸ್ತಪ್ರತಿ ನ್ಯೂಯಾರ್ಕಿನಲ್ಲಿದ್ದ ಲಮೀನ್ ಕೆಬೆ ಎಂಬುವನಿಗೆ ತಲುಪಿತು. ಅವನೂ ಪಶ್ಚಿಮ ಆಫ್ರಿಕದವನು, ಊರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮುಸ್ಲಿಂ ಮೇಷ್ಟ್ರು. ಅಮೆರಿಕದ ಒಡೆಯರು ಅವನನ್ನು 'ಓಲ್ಡ್ ಪಾಲ್' ಎಂದು ಕರೆದು ದಶಕಗಳ ಕಾಲ ಗುಲಾಮನಾಗಿ ದುಡಿಸಿದ್ದರು. ಬಿಡುಗಡೆಯಾಗಿ ಆಫ್ರಿಕಕ್ಕೆ ಮರಳುವ ತಯಾರಿಯಲ್ಲಿದ್ದಾಗ ಆ ಹದಿನೈದು ಪುಟ ಅವನ ಕೈಗೆ ಬಂದವು. ತನ್ನ ಬರಹದಲ್ಲಿ ತಪ್ಪಿದ್ದರೆ ದೇವರ ಹೆಸರಿನಲ್ಲಿ ದೂಷಿಸಬೇಡಿ, ಕಣ್ಣೂ ಮೈಯೂ ಸೋತಿವೆ ಎಂದು ಉಮರ್ ಬೇಡಿಕೊಂಡದ್ದು ಸಹೋದರರನ್ನು. ಅಂಥ ಸಹೋದರ ಓದುವನೆಂದು ಅವನಿಗೆ ಖಾತ್ರಿಯೇನೂ ಇರಲಿಲ್ಲ. ಕೆಬೆಗೆ ಮೊದಲ ಪುಟದ ಆ ಅಧ್ಯಾಯ ಏನೆಂದು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಮಲಗುವ ಮುನ್ನ ಅದನ್ನು ಪಠಿಸುವುದು ಮುಸ್ಲಿಮರಲ್ಲಿ ವಾಡಿಕೆ.